ನೀರುಮೀಸೆ ಭತ್ತದ ಭೂಪಟ

ಮೊನ್ನೆ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಊಟದ ಮೇಜಿನ ಮೇಲೆ ಚಾರ್ಟು ಹರಡಿಕೊಂಡು ಗಮ್ಮಿನ ಬಾಟಲಿಯ ಮುಚ್ಚಳ ತೆಗೆದಳು. ಆ ಬಿಳಿ ಗಮ್ಮಿನ ಹುಳಿಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸಹಳ್ಳಿಯ ಈ ಮೂರನೇ ಮಹಡಿಯ ಫ್ಲ್ಯಾಟು, ಕೆಳಗಿನ ಟ್ರಾಫಿಕ್ಕು, ಮೆಟ್ರೋದ ಸದ್ದು ಎಲ್ಲ ಹಿಂದೆ ಸರಿದು, ನಾನು ರಾಜಾಜಿನಗರದ ಹಳೆಯ ಮನೆಯ ಕೆಂಪು ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತಿದ್ದೆ. ಒಂಬತ್ತು ವರ್ಷ ನನಗೆ. ಬೆರಳ ತುದಿಗೆಲ್ಲ ಗಮ್ಮು ಮೆತ್ತಿಕೊಂಡು, ಒಣಗಿದ ಮೇಲೆ ಅದನ್ನು ಚರ್ಮದ ಹಾಗೆ ಸುಲಿಯುತ್ತಿದ್ದೆ. "ಎಲ್ಲಿಗೆ ಹೋಗ್ತಿದೀಯಮ್ಮಾ?" ಎಂದು, ನಾನು ಎದ್ದದ್ದನ್ನು ಕಂಡು ಮಗಳು ಕೇಳಿದಳು. ಸೆಕೆ ಅಂದೆ. ಬಾಲ್ಕನಿಗೆ ಹೋಗಿ ಸುಮ್ಮನೆ ನಿಂತೆ. ನಿಮಗೂ ಇರಬಹುದು, ಮನೆಯವರ ಮುಂದೆ ಹೆಸರು ಹೇಳಲಾಗದಂಥ ಒಂದು ವಾಸನೆ.

ಅದು ಅಜ್ಜ ಕಟ್ಟಿಸಿದ ಮನೆ. ಮುಂದೆ ಎರಡಾಳಗಲದ ಅಂಗಳ, ಒಂದು ಪಾರಿಜಾತದ ಗಿಡ, ಹಿಂದೆ ಬಟ್ಟೆ ಒಗೆಯುವ ಕಲ್ಲು. ದಾವಣಗೆರೆ ಕಡೆಯಿಂದ ಬಂದ ಅಜ್ಜಿ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅಂಗಳಕ್ಕೆ ಇಳಿದರೆ ರಂಗೋಲಿಯ ಚುಕ್ಕಿ ಒಂದೂ ಸಾಲು ತಪ್ಪುತ್ತಿರಲಿಲ್ಲ. ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಮರಗೆಲಸದ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದ. ಅಮ್ಮ ಮಾತ್ರ ಆ ಬೀದಿಯ ಬೇರೆ ಅಮ್ಮಂದಿರ ಹಾಗಿರಲಿಲ್ಲ. ಸೋಮವಾರ ಬೆಳಿಗ್ಗೆ ಬ್ಯಾಗು ಹಿಡಿದು ಹೊರಟರೆ ಶನಿವಾರ ಸಂಜೆಗೇ ಬರುತ್ತಿದ್ದಳು, ಕಾಲ ಉಗುರಿನ ಸಂದಿಯಲ್ಲಿ ಕೆಸರು ತುಂಬಿಕೊಂಡು. ಕಬಿನಿಯ ಹಿನ್ನೀರಿನ ಅಂಚಿನಲ್ಲಿ ಆದಿವಾಸಿಗಳ ಹಾಡಿಗಳಿವೆ. ಕಾಡಂಚಿನ ಅವರ ಊರಿಗೆ ಹಾಡಿ ಅನ್ನುತ್ತಾರೆ. ಅಲ್ಲಿ ಅರ್ಧ ಎಕರೆ, ಒಂದು ಎಕರೆ ಗದ್ದೆ ಇದ್ದವರು ಹೆಚ್ಚು ಭತ್ತ ಬೆಳೆಯುವ ಹಾಗೆ ಮಾಡುವುದು ಅವಳ ಕೆಲಸ. ಹಿಡಿಹಿಡಿಯಾಗಿ ಪೈರು ನೆಡುವುದನ್ನು ಬಿಟ್ಟು ಒಂದೊಂದೇ ಎಳೆ ಸಸಿಯನ್ನು ಸಾಲು ಹಿಡಿದು ದೂರದೂರ ನೆಡಬೇಕು ಎನ್ನುವುದನ್ನು ಅವಳು ಅಜ್ಜಿಯ ರಂಗೋಲಿ ತೋರಿಸಿ ನನಗೆ ವಿವರಿಸಿದ್ದಳು. "ನೋಡು, ನಿಮ್ಮಜ್ಜಿ ಚುಕ್ಕಿ ಇಟ್ಟ ಹಾಗೆ. ಆಗ ಒಂದು ಸಸಿ ಮೂವತ್ತು ಕವಲು ಒಡೆಯುತ್ತೆ."

ಆ ಮಾತನ್ನು ಹಾಡಿಯಲ್ಲಿ ಮೊದಲು ನಂಬಿದವಳು ಕೆಂಪಿ ಎನ್ನುವ ಮುದುಕಿ. ಗಂಡ ತೀರಿಕೊಂಡಿದ್ದ, ಮಗಳೊಬ್ಬಳಿದ್ದಳು. ಕೆಂಪಜ್ಜಿಗೆ ಎರಡು ತುಂಡು ಗದ್ದೆ. ಒಂದು ದಿಬ್ಬದ ಮೇಲೆ, ಇನ್ನೊಂದು ಹಿನ್ನೀರಿಗೆ ತಾಗಿದ ತಗ್ಗಿನಲ್ಲಿ. ಮೇಲಿನ ಗದ್ದೆಗೆ ಅಮ್ಮ ಕೊಟ್ಟ ಹೊಸ ತಳಿಯನ್ನು ಅಮ್ಮ ಹೇಳಿದ ಹಾಗೇ ನೆಟ್ಟು, ಬೋಳುಬೋಳಾಗಿ ಕಾಣುವ ಗದ್ದೆಯ ಬದುವಿನ ಮೇಲೆ ಮೂರು ದಿನ ತಲೆ ಮೇಲೆ ಕೈ ಹೊತ್ತು ಕೂತಿದ್ದಳಂತೆ. ಆಮೇಲೆ ಪೈರು ಕವಲೊಡೆಯಿತು. ಶಿವರಾತ್ರಿಗೇ ಮುಗಿಯುತ್ತಿದ್ದ ಅಕ್ಕಿ ಆ ವರ್ಷ ಆಷಾಢದವರೆಗೂ ಬಂತು. ಆ ಸುಗ್ಗಿಯಲ್ಲಿ ಅವಳು ಅಮ್ಮನ ಕೈಗೆ ಒಂದು ಬಟ್ಟೆಯ ಗಂಟು ಕೊಟ್ಟಳು. ಅದರಲ್ಲಿದ್ದದ್ದು ಹೊಸ ಭತ್ತವಲ್ಲ. ತಗ್ಗಿನ ಗದ್ದೆಯಲ್ಲಿ ಅವಳ ಅಜ್ಜಿಯ ಕಾಲದಿಂದ ಬೆಳೆಯುತ್ತಿದ್ದ ನೀರುಮೀಸೆ. "ಆ ಬತ್ತ ನೀವು ಕೊಟ್ಟಿದ್ದು. ಅದ್ನೇ ತಿರುಗ್ಸಿ ಕೊಟ್ರೆ ಏನ್ ಚಂದ ಮೇಡಮ್ಮೋರೇ? ಇದು ನಮ್ದು" ಅಂದಳಂತೆ. ಹಿನ್ನೀರು ಏರಿದ ಹಾಗೆ ತಾನೂ ಏರಿ, ನೀರಿನ ಮೇಲೆ ಬರೀ ಮೀಸೆಯಷ್ಟೇ ಕಾಣುವ ಹಾಗೆ ನಿಲ್ಲುತ್ತಿದ್ದ ಭತ್ತ ಅದು. ಅಮ್ಮ ಅದನ್ನು ಹಾಲಿನ ಪುಡಿಯ ಹಳೆಯ ಡಬ್ಬಕ್ಕೆ ಸುರಿದು ಬಿಗಿಯಾಗಿ ಮುಚ್ಚಿ, ಅಡುಗೆಮನೆಯ ಅಟ್ಟದ ಮೇಲೆ ಇಟ್ಟಳು. ಯಾಕೆ ಇಟ್ಟಿದ್ದೆಂದು ಯಾರಿಗೂ ಹೇಳಲಿಲ್ಲ. ಆಫೀಸಿನಲ್ಲಿ ಕಾಳು ಕಾಳಿಗೂ ಚೀಟಿ ಅಂಟಿಸುತ್ತಿದ್ದ ಅವಳು ಮನೆಯ ಆ ಡಬ್ಬಕ್ಕೆ ಹೆಸರು ಬರೆಯಲಿಲ್ಲ. ಮುಂದಿನ ಮಳೆಗಾಲಕ್ಕೆ ಅವಳೇ ಕೆಂಪಜ್ಜಿಗೆ ಹೇಳಿದಳು: "ತಗ್ಗಿನ ಗದ್ದೆಗೂ ಹೊಸದನ್ನೇ ಹಾಕಿ ಕೆಂಪಮ್ಮ." ಕೆಂಪಜ್ಜಿಯನ್ನು ನೋಡಿ ಹಾಡಿಯವರೆಲ್ಲ ಹಾಗೇ ಮಾಡಿದರು. ಮನೆಗಳಲ್ಲಿ ಉಳಿದಿದ್ದ ನೀರುಮೀಸೆಯನ್ನು ಕುಟ್ಟಿ ಉಂಡರು.

ನಾಲ್ಕನೇ ಕ್ಲಾಸಿನಲ್ಲಿ ನಮಗೆ ಬೇಳೆ, ಕಾಳುಗಳಿಂದ ಭಾರತದ ಭೂಪಟ ಮಾಡುವ ಸ್ಪರ್ಧೆ ಇಟ್ಟರು. ಉಳಿದವರೆಲ್ಲ ತೊಗರಿಬೇಳೆ, ಹೆಸರುಕಾಳು ಎಂದು ಓಡಾಡುತ್ತಿದ್ದರು. "ನಮ್ಮನೇಲಿ ಭತ್ತ ಐತಲ್ಲವ್ವ, ನಿಮ್ಮಮ್ಮ ತಂದಿದ್ದು" ಎಂದು ಅಜ್ಜಿ ಸ್ಟೂಲು ಹತ್ತಿ ಡಬ್ಬ ಇಳಿಸಿಕೊಟ್ಟಳು. ಮುಚ್ಚಳ ತೆಗೆದು ಒಂದು ಹಿಡಿ ಅಂಗೈಗೆ ಸುರಿದುಕೊಂಡೆ. ಸುಟ್ಟ ಜೇನಿನ ಬಣ್ಣದ ಕಾಳು, ಒಂದೊಂದಕ್ಕೂ ಬೆರಳುದ್ದದ ಕಪ್ಪು ಮೀಸೆ. ಮೂರು ದಿನ ಕೂತು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಅಂಟಿಸಿದೆ. ಮೀಸೆಗಳನ್ನು ಕತ್ತರಿಸಿ ಕಡಲಿಗೆ ಅಲೆ ಮಾಡಿದೆ. ಅಪ್ಪ ಕಾರ್ಖಾನೆಯಿಂದ ಬಾಟಲಿಯಲ್ಲಿ ವಾರ್ನಿಷ್ ತಂದು, "ಥಳಥಳ ಅನ್ಬೇಕು ನಮ್ಮ ಪುಟ್ಟಿ ದೇಶ" ಎಂದು ಎರಡು ಕೋಟು ಬಳಿದುಕೊಟ್ಟ. ಉಳಿದ ಭತ್ತವನ್ನು ಅಜ್ಜಿ ಅಂಗಳದ ಗುಬ್ಬಿಗಳಿಗೆ ಎರಚಿ, ಡಬ್ಬ ತೊಳೆದು ಮೆಂತ್ಯ ತುಂಬಿದಳು. ನನಗೆ ಮೊದಲ ಬಹುಮಾನ ಬಂತು. ಭೂಪಟಕ್ಕೆ ಕಟ್ಟು ಹಾಕಿಸಿ ಹೆಡ್‌ಮಿಸ್ ಕೋಣೆಯಲ್ಲಿ ತೂಗುಹಾಕಿದರು. ಶನಿವಾರ ಅಮ್ಮ ಬಂದಾಗ ಕುಣಿದಾಡುತ್ತ ಹೇಳಿದೆ. ಸುಸ್ತಾಗಿದ್ದಳು. ತಲೆ ನೇವರಿಸಿ ಜಾಣೆ ಅಂದಳು. ಯಾವ ಕಾಳಿನಿಂದ ಮಾಡಿದೆ ಎಂದು ಕೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಮುಂಗಾರು ಇನ್ನೇನು ಹಿಡಿಯಬೇಕು ಅನ್ನುವ ಹೊತ್ತಿನಲ್ಲಿ, ನಮ್ಮ ಗೇಟಿನ ಹೊರಗೆ ಸಣ್ಣ ಆಳಿನ ಮುದುಕಿಯೊಬ್ಬಳು ವಿಳಾಸದ ಚೀಟಿ ಹಿಡಿದು ನಿಂತಿದ್ದಳು. ಹಿಂದಿನ ದಿನವೇ ಊರು ಬಿಟ್ಟು, ಬಸ್ಸು ಬದಲಿಸುತ್ತ, ಕಂಡವರನ್ನೆಲ್ಲ ಕೇಳುತ್ತ ಬಂದಿದ್ದಳು. "ಅಯ್ಯೋ, ಕೆಂಪಮ್ಮ!" ಎಂದು ಅಮ್ಮ ಓಡಿಹೋಗಿ ಕೈ ಹಿಡಿದಳು. ಅಜ್ಜಿ ಕಾಫಿ ಕೊಟ್ಟಳು. ಬೇರೆ ಲೋಟದಲ್ಲಿ, ಹಿತ್ತಿಲ ಮೆಟ್ಟಿಲ ಮೇಲೆ. ಅಲ್ಲೇ ಕೂತು ಕೆಂಪಜ್ಜಿ ಬಂದ ಕೆಲಸ ಹೇಳಿದಳು. "ಮೇಲ್ಗದ್ದೆ ಚಂದಾಗೈತೆ ಮೇಡಮ್ಮೋರೇ, ನಿಮ್ ಹೊಟ್ಟೆ ತಣ್ಣಗಿರ್ಲಿ. ತಗ್ಗಿನ ಗದ್ದೆ ಎರಡು ವರ್ಸದಿಂದ ನೀರಲ್ಲಿ ಕೊಳ್ತೋಯ್ತು. ಆ ಗಿಡ್ಡ ಪೈರಿಗೆ ಮುಳುಗಿದ್ರೆ ಉಸ್ರಿಲ್ಲ. ನಮ್ ನೀರುಮೀಸೆ ಹಾಡಿಲಿ ಯಾರ್ತಾವೂ ಒಂದು ಕಾಳಿಲ್ಲ. ನಿಮ್ಗೆ ಕೊಟ್ಟಿದ್ದು ಗ್ಯಾಪ್ಕ ಬಂತು. ಒಂದು ಹಿಡಿ ಇದ್ರೆ ಸಾಕು, ಮಾಡ್ಕೊತೀನಿ."

ಅಮ್ಮನ ಮುಖ ಅರಳಿತು. "ಇದೆ ಕೆಂಪಮ್ಮ, ಜೋಪಾನವಾಗಿ ಇಟ್ಟಿದೀನಿ" ಎನ್ನುತ್ತ ಒಳಗೆ ಹೋಗಿ ಡಬ್ಬ ತಂದಳು. ಮುಚ್ಚಳ ತೆಗೆದಳು. ಮೆಂತ್ಯದ ವಾಸನೆ ಬಂತು. "ಅದು ಬಿತ್ತನೆಗೆ ಇಟ್ಟಿದ್ದು ಅಂತ ನನಗೇನು ಗೊತ್ತವ್ವ" ಅಂದಳು ಅಜ್ಜಿ. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ನನ್ನ ಭುಜ ಹಿಡಿದು ಮುಂದಕ್ಕೆ ತಂದ. "ಭೂಪಟ ಮಾಡ್ದೆ" ಅಂದೆ.

ಮರುದಿನ ಅಮ್ಮ, ಕೆಂಪಜ್ಜಿ, ನಾನು ಮೂವರೂ ಶಾಲೆಗೆ ಹೋದೆವು. ಹೆಡ್‌ಮಿಸ್ ಕೋಣೆಯ ಗೋಡೆಯ ಮುಂದೆ ಕೆಂಪಜ್ಜಿ ಬಹಳ ಹೊತ್ತು ನಿಂತಳು. ಗಾಜಿನ ಮೇಲೆ ಬೆರಳಿಟ್ಟು, "ಇದೇಯ, ಇದೇ ನಮ್ದು" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ನಾನು ಕಣ್ಣು ಮುಚ್ಚಿಕೊಂಡೆ. "ದೇಸಾನೇ ಮಾಡ್ಬುಟ್ಟಿದ್ದೀಯಲ್ಲ ಕೂಸೇ" ಅಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲವೇನೋ.

ಕಟ್ಟು ಬಿಚ್ಚಿಸಿ ಚಾರ್ಟನ್ನು ಮನೆಗೆ ತಂದು, ಪರಾತದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ನೆನೆಸಿದೆವು. ಮೂವರು ಹೆಂಗಸರು, ಜೊತೆಗೆ ನಾನು, ಸುತ್ತ ಕೂತು ಒಂದೊಂದೇ ಕಾಳನ್ನು ಉಗುರಿನಿಂದ ಬಿಡಿಸಿದೆವು. ಗಮ್ಮು ಕರಗಿತು. ವಾರ್ನಿಷ್ ಕರಗಲಿಲ್ಲ. ಅಪ್ಪ ಕಾರ್ಖಾನೆಗೆ ರಜೆ ಹಾಕಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ, ಒಳಗೆ ಬರಲಿಲ್ಲ. ಬಿಡಿಸಿದ ಕಾಳನ್ನು ಅಮ್ಮ ಒದ್ದೆ ಬಟ್ಟೆಯಲ್ಲಿ ಹರಡಿ ಸುತ್ತಿದಳು. ಬೀಜಕ್ಕೆ ಮೈಶಾಖ ಬೇಕು ಎಂದು ಕೆಂಪಜ್ಜಿ ಆ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಾಡಿದಳು. ದಿನಕ್ಕೆರಡು ಸಲ ಬಿಚ್ಚಿ ನೋಡುವುದು, ನೀರು ಚಿಮುಕಿಸುವುದು, ಮತ್ತೆ ಕಟ್ಟುವುದು. ಮೂರನೆಯ ದಿನಕ್ಕೆ ಮೊಳಕೆ ಬರಬೇಕಿತ್ತು. ಬರಲಿಲ್ಲ. "ಇನ್ನೆರಡು ದಿನ ನೋಡೋಣ" ಎಂದು ಅಮ್ಮ ಆಫೀಸಿಗೆ ಹೋಗದೆ ಉಳಿದಳು. ಆ ದಿನಗಳಲ್ಲೇ ಯಾವಾಗಲೋ ಅಜ್ಜಿ ಕೆಂಪಜ್ಜಿಯನ್ನು ಅಡುಗೆಮನೆಯೊಳಗೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ರೊಟ್ಟಿ ಬಡಿಸತೊಡಗಿದ್ದಳು. ನಾನು ಶಾಲೆಯಿಂದ ಓಡಿ ಬಂದು ಮೊದಲು ಕೆಂಪಜ್ಜಿಯ ಮುಖ ನೋಡುತ್ತಿದ್ದೆ. ಅವಳು ತಲೆ ಅಲ್ಲಾಡಿಸಿ, "ಇನ್ನೂ ನಿದ್ದೆ ಮಾಡ್ತಾವೆ ಕೂಸೇ" ಅನ್ನುತ್ತಿದ್ದಳು.

ಎಂಟನೆಯ ದಿನ ಗಂಟು ಬಿಚ್ಚಿದಾಗ ಕೊಳೆತ ನಾತ ಬಂತು. ಕಾಳಿನ ಮೇಲೆಲ್ಲ ಬೂದು ಬೂಷ್ಟು. ಅಮ್ಮ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದಳು. ಎಲ್ಲ ಮೆತ್ತಗೆ, ಒಳಗೆ ನೀರು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. "ನಾನೇ ಹೇಳ್ದೆ ನಿಮಗೆ, ತಗ್ಗಿಗೂ ಹೊಸದು ಹಾಕಿ ಅಂತ. ನಾನೇ ಡಬ್ಬದ ಮೇಲೆ ಒಂದು ಹೆಸರು ಬರೀಲಿಲ್ಲ. ಮಗೂದೇನೂ ತಪ್ಪಿಲ್ಲ ಕೆಂಪಮ್ಮ" ಎಂದು ಬಿಕ್ಕಿದಳು. ಕೆಂಪಜ್ಜಿ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಸುಮ್ಕಿರಿ ಮೇಡಮ್ಮೋರೇ. ನಿಮ್ ಬತ್ತ ನನ್ ಮೊಮ್ಮಕ್ಳಿಗೆ ಅನ್ನ ಕೊಟ್ಟೈತೆ. ಅದ್ನ ಇಲ್ಲ ಅನ್ನಕ್ಕಾಯ್ತದಾ?" ಅಂದಳು. ಆಮೇಲೆ ಆ ಕೊಳೆತ ಕಾಳನ್ನೆಲ್ಲ ಒಂದೂ ಬಿಡದೆ ತನ್ನ ಸೆರಗಿಗೆ ಹಾಕಿಕೊಂಡಳು. ಯಾಕೆ ಎಂದು ಅಜ್ಜಿ ಕೇಳಿದ್ದಕ್ಕೆ, "ಸತ್ತೋರ್ನ ಬೀದೀಲಿ ಬಿಡ್ತೀವಾ ಅವ್ವ? ಅದ್ರ ಗದ್ದೆಗೇ ಹಾಕ್ತೀನಿ" ಅಂದಳು. ಮೈಸೂರು ರಸ್ತೆಯ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು. ನಾನು ಅಜ್ಜಿಯ ಹಿಂದೆ ಸರಿದು ನಿಂತೆ.

ಆಮೇಲೆ ಅಮ್ಮ ಹೋದ ಹಾಡಿಗಳಲ್ಲೆಲ್ಲ ನೀರುಮೀಸೆಯನ್ನು ಹುಡುಕಿದಳು. ಹಿನ್ನೀರಿನ ಆಚೆ ದಡದಲ್ಲೂ ವಿಚಾರಿಸಿದಳು. ಹೋಲುವ ಭತ್ತಗಳು ಸಿಕ್ಕವು, ಅದು ಸಿಗಲಿಲ್ಲ. ಕೆಂಪಜ್ಜಿಯ ಮೇಲಿನ ಗದ್ದೆ ಚೆನ್ನಾಗಿ ಬೆಳೆಯುತ್ತಲೇ ಇತ್ತು, ತಗ್ಗಿನದು ಬೀಳುಬಿತ್ತು. ಪ್ರತಿ ಸಲ ಅಮ್ಮ ಹಿಂದಿರುಗಿದಾಗ ಒಂದೇ ಮಾತು ತರುತ್ತಿದ್ದಳು: "ಕೂಸ್ನ ಒಂದ್ಸಲ ಕರ್ಕೊಂಡು ಬನ್ನಿ ಅಂತ ಕೆಂಪಮ್ಮ ಅಂದ್ರು ಕಣೇ. ಬರ್ತೀಯಾ?" ನಾನು ಪರೀಕ್ಷೆ ಇದೆ ಅಂದೆ. ಮುಂದಿನ ಸಲ ಜ್ವರ ಅಂದೆ. ಹೈಸ್ಕೂಲಿಗೆ ಬಂದ ಮೇಲೆ ಟ್ಯೂಷನ್ ಅಂದೆ. ಒಂದು ಶನಿವಾರ ಅಮ್ಮ ಬಂದವಳು ಬ್ಯಾಗು ಕೆಳಗಿಡದೆ ಮೆಟ್ಟಿಲ ಮೇಲೇ ಕೂತಳು. ಆ ಸಲ ಏನೂ ಕೇಳಲಿಲ್ಲ. ಕೆಂಪಜ್ಜಿ ಇನ್ನಿಲ್ಲ ಎಂದು ನನಗೆ ಗೊತ್ತಾಯಿತು.

ಅಜ್ಜಿ ಹೋದಳು, ಅಪ್ಪ ಹೋದ. ಹೋದ ವರ್ಷ ಅಮ್ಮನೂ ಹೋದಳು. ಮನೆ ಮಾರಿದೆವು, ಅಲ್ಲಿ ಈಗ ಐದು ಮಹಡಿ ಎದ್ದಿದೆ, ಪಾರಿಜಾತವಿದ್ದ ಕಡೆ ಕಾರು ನಿಲ್ಲಿಸುತ್ತಾರೆ. ಆ ಎಂಟು ದಿನಗಳಲ್ಲಿ ಕೆಂಪಜ್ಜಿ ನನಗೆ ಕಾಡಿನ ಕಥೆ ಹೇಳಿದ್ದಳು, ಜಡೆ ಹೆಣೆದಿದ್ದಳು, ನನ್ನ ಪಾಠದ ಪುಸ್ತಕದ ಚಿತ್ರಗಳನ್ನೆಲ್ಲ ನೋಡಿದ್ದಳು. ನಾನು ಅವಳನ್ನು ಎಷ್ಟೋ ಕೇಳಿದೆ, ಆನೆ ನೋಡಿದೀರಾ, ಹುಲಿ ನೋಡಿದೀರಾ ಎಂದು. ಆ ಭತ್ತದ ಅನ್ನ ಹೇಗಿರುತ್ತಿತ್ತು ಎಂದು ಮಾತ್ರ ಕೇಳಲಿಲ್ಲ.