ಬಿಗಿಯಪ್ಪನ ಟ್ಯಾಂಕು

ಹೊಲಿಗೆ ಮಿಷನ್ ರಿಪೇರಿಯಲ್ಲಿ ಬಿಗಿಯಪ್ಪನವರನ್ನು ಮೀರಿಸಿದವರಿರಲಿಲ್ಲ. ಆದರೆ ಏನನ್ನೇ ಮುಚ್ಚಲಿ, ಕಟ್ಟಲಿ, ಕೊನೆಗೊಂದು ಸುತ್ತು ಜಾಸ್ತಿ ತಿರುಗಿಸದಿದ್ದರೆ ಅವರ ಕೈಗೆ ಸಮಾಧಾನವಿಲ್ಲ. ಮನೆಯ ನಲ್ಲಿ, ಸಕ್ಕರೆ ಡಬ್ಬಿ, ನೀರಿನ ಬಾಟಲಿ, ಯಾವುದನ್ನೂ ಬಿಟ್ಟವರಲ್ಲ. ಅದಕ್ಕೇ ಬೀದಿಯವರು ಬಿಗಿಯಪ್ಪ ಅಂತ ಹೆಸರಿಟ್ಟರು. ಸಡಿಲಪ್ಪ ಅನ್ನಿಸಿಕೊಳ್ಳೋದಕ್ಕಿಂತ ವಾಸಿ ಬಿಡಿ ಅಂತಿದ್ದರು ಇವರು.

ಐವತ್ತು ದಾಟಿದ ಮೇಲೆ ಈ ಮನುಷ್ಯನಿಗೆ ರಿಮೋಟ್ ಟ್ಯಾಂಕಿನ ಹುಚ್ಚು ಹಿಡಿಯಿತು. ಯುದ್ಧದ ಟ್ಯಾಂಕಿನಂಥದ್ದೇ, ಮೊಳದುದ್ದದ ಆಟದ ಟ್ಯಾಂಕು. ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಹಿಂದಿನ ಬಯಲಲ್ಲಿ ಐದಾರು ಜನ ಮೀಸೆ ನರೆತ ಗಂಡಸರು ಸೇರಿ, ಜಲ್ಲಿ ತುಂಬಿದ ಮಣ್ಣಿನ ದಿಬ್ಬಕ್ಕೆ ಟ್ಯಾಂಕು ಹತ್ತಿಸುವುದೇ ಆಟ. ನಡುವೆ ಕೈ ಮುಟ್ಟಿಸಿದರೆ ಸೋತಂತೆ. ಮೂರು ವರ್ಷದಲ್ಲಿ ಎಲ್ಲರ ಟ್ಯಾಂಕೂ ಹತ್ತಿತ್ತು, ಇವರದೊಂದು ಬಿಟ್ಟು.

ಇವರೇನು ಕಡಿಮೆ ಮಾಡಿದ್ದರು ಹೇಳಿ? ಚಕ್ರಗಳ ಸುತ್ತ ಓಡುವ ಪ್ಲಾಸ್ಟಿಕ್ ಚೈನು ತೆಗೆದು ಲೋಹದ್ದು ಹಾಕಿದರು. ಗೇರು ಬದಲಾಯಿಸಿದರು. ಒಂದೊಂದು ಚಕ್ರಕ್ಕೂ ಸ್ಪ್ರಿಂಗು ಕೂರಿಸಿದರು. ಎಲ್ಲ ಮುಗಿಸಿ, ಮುಂದಿನ ಚಕ್ರದ ಸ್ಕ್ರೂ ತಿರುಗಿಸಿ ಚೈನನ್ನು ಮೀಟಿದರೆ ಟಣ್ ಅನ್ನುವಷ್ಟು ಬಿಗಿದರು. ಅರ್ಧ ದಿಬ್ಬ ಹತ್ತುವಷ್ಟರಲ್ಲಿ ಜಲ್ಲಿ ಒಳಗೆ ಸಿಕ್ಕಿಕೊಳ್ಳುವುದು, ಚೈನು ಜಗ್ಗದೆ ನಿಂತುಬಿಡುವುದು, ಮೋಟರಿನಿಂದ ಸುಟ್ಟ ವಾಸನೆ. ಕ್ಷೌರದಂಗಡಿಯವನ ಟ್ಯಾಂಕು ಚೈನನ್ನು ಜೋಲು ಬಿಟ್ಟುಕೊಂಡೇ ಪಕ್ಕದಲ್ಲಿ ಹತ್ತಿಹೋಗುತ್ತಿತ್ತು. ಇವರಿಗೆ ಹೊಟ್ಟೆ ಉರಿಯುತ್ತಿತ್ತು.

"ಚೈನು ಸ್ವಲ್ಪ ಸಡಿಲ ಬಿಡ್ರೀ," ಅಂದಿದ್ದರು ಹೆಂಡತಿ.

"ಮೂವತ್ತು ವರ್ಷದಿಂದ ಮಿಷನ್ನಿಗೆ ಬೆಲ್ಟು ಹಾಕ್ತಿರೋನಿಗೆ ನೀನು ಹೇಳ್ಕೊಡ್ತೀಯೇನೇ?"



ಆಮೇಲೊಂದು ದಿನ ಬಯಲಲ್ಲಿ ಬೋರ್ಡು ನೆಟ್ಟರು: ಸೋಮವಾರದಿಂದ ದಿಬ್ಬ ಸಮ ಮಾಡುತ್ತಾರಂತೆ. ಉಳಿದದ್ದು ಒಂದೇ ಭಾನುವಾರ. ಅವತ್ತು ಹತ್ತಲಿಲ್ಲ ಅಂದರೆ ಇನ್ನು ಈ ಜನ್ಮದಲ್ಲಿಲ್ಲ. ಅವತ್ತು ಹೆಂಡತಿಯೂ ಜೊತೆಗೆ ಹೊರಟರು.

ಮೊದಲನೇ ಸಲ ಅದೇ ಹಳೇ ಕಥೆ, ಅರ್ಧಕ್ಕೇ ನಿಂತಿತು.

"ಚೈನು ಸಡಿಲ ಮಾಡಿ ಯಜಮಾನ್ರೇ, ಇನ್ನೊಂದು ಸಲ ಬಿಡೋಣ," ಅಂದ ಕ್ಷೌರದಂಗಡಿಯವನು.

ಇವರು ಹೆಂಡತಿಯ ಮುಖ ನೋಡಲಿಲ್ಲ. ನೆಲಕ್ಕೆ ಕೂತು ಸ್ಕ್ರೂಡ್ರೈವರ್ ಹಿಡಿದರು. ಸ್ಕ್ರೂ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೈ ಜಾರಿತು, ಬೆರಳು ತರಚಿತು.

"ಥೂ! ಯಾವ ಮುಠ್ಠಾಳ ಇದನ್ನ ಹೀಗೆ ಬಿಗಿದಿರೋದು?"

ಬಾಯಿಂದ ಬಂದಮೇಲೆ ಗೊತ್ತಾಯಿತು ಯಾವ ಮುಠ್ಠಾಳ ಅಂತ. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು.

"ಇಲ್ಲಿ ಕೊಡಿ," ಅಂದರು ಹೆಂಡತಿ. "ಇಪ್ಪತ್ತೆಂಟು ವರ್ಷದಿಂದ ಆ ಮುಠ್ಠಾಳ ಮುಚ್ಚಿದ ಡಬ್ಬಿಗಳನ್ನ ತೆಗೀತಿರೋಳು ನಾನು."

ಆಕೆ ಸ್ಕ್ರೂವನ್ನು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದರು. ಕಲ್ಲಿನಿಂದ ಎರಡು ಏಟು ಕುಟ್ಟಿದರು. ಆಮೇಲೆ ಹಿಂದಕ್ಕೆ ತಿರುಗಿಸಿದರೆ ಸಲೀಸಾಗಿ ಬಂತು. ಇನ್ನೊಂದು ಪಕ್ಕದ್ದೂ ಹಾಗೇ. ಚೈನು ಜೋತುಬಿತ್ತು. ಅದನ್ನು ನೋಡುವಾಗ ಇವರಿಗೆ ಮೈ ಪರಚಿಕೊಳ್ಳುವ ಹಾಗಾಯಿತು, ಆದರೂ ರಿಮೋಟು ಒತ್ತಿದರು.

ಟ್ಯಾಂಕು ಜಲ್ಲಿಯನ್ನು ಉಗುಳುತ್ತಾ, ಅಲ್ಲಲ್ಲಿ ತಡವರಿಸುತ್ತಾ ನೆತ್ತಿಗೆ ಹೋಗಿ ನಿಂತಿತು. ಇವರಿಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಮನೆಗೆ ಬಂದು ತಾವೇ ಚಹಾ ಮಾಡಿದರು. ಸಕ್ಕರೆ ಹಾಕಿ ಮುಚ್ಚಳ ತಿರುಗಿಸುತ್ತಿದ್ದವರು ಕೊನೇ ಸುತ್ತಿಗೆ ಮುಂಚೆ ಬೇಕೆಂದೇ ಕೈ ತೆಗೆದರು.

ಹೆಂಡತಿ ಡಬ್ಬಿ ನೋಡಿದರು, ಗಂಡನನ್ನು ನೋಡಿದರು.

"ಇನ್ನೊಂದು ಸುತ್ತು ತಿರುಗಿಸ್ರೀ," ಅಂದರು, "ಇರುವೆ ಬರುತ್ತೆ."