ಅಕ್ಕನಿಗಾಗಿ ಹಿತ್ತಲ ಹಲಗೆ ಜಗಲಿ

ಕಚೇರಿಯಲ್ಲಿ ನಕ್ಷೆ ಬರೆಯುವುದೇ ನನ್ನ ಕೆಲಸ. ಹಾಗಾಗಿ ಚಾಮರಾಜಪುರಂನ ನಮ್ಮ ಮನೆಯ ಹಿತ್ತಲಿಗೆ ಒಂದು ತಗ್ಗು ಹಲಗೆ ಜಗಲಿ ಬೇಕೆಂದಾಗ ನಾನು ಯಾರ ಬುದ್ಧಿಯನ್ನೂ ಕೇಳಲಿಲ್ಲ. ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು. ಜ್ವರದಲ್ಲಿ ಎರಡೂ ಕಾಲಿನ ಸ್ವಾಧೀನ ಹೋಗಿ ಅಕ್ಕ ಗಾಲಿ ಕುರ್ಚಿ ಹಿಡಿದಿದ್ದಳು. ಅಡುಗೆಮನೆಯ ಹಿಂಬಾಗಿಲಿಂದ ಹಿತ್ತಲಿಗೆ ಎರಡು ಮೆಟ್ಟಿಲು. ಅವಳೇ ನೆಟ್ಟ ಮಲ್ಲಿಗೆಯ ಹತ್ತಿರ ಹೋಗಬೇಕೆಂದರೂ ನಾನು ಎತ್ತಿಕೊಂಡು ಹೋಗಬೇಕಿತ್ತು.

"ಮೂಟೆ ಥರ ಹೊರಬೇಡ ಕಣೋ, ನಾಚಿಕೆಯಾಗುತ್ತೆ. ನಾನೇ ಹೋಗೋ ಹಾಗೆ ಏನಾದ್ರೂ ಮಾಡು," ಅಂದಿದ್ದಳು.

ಮೂರು ದಿನ ಕೂತು ಬರೆದೆ. ಅಡುಗೆಮನೆ ನೆಲಕ್ಕೆ ಸರಿಸಮವಾಗಿ ಹಲಗೆ, ಹಲಗೆಯಡಿ ತೊಲೆ, ತೊಲೆಗೆ ಕಲ್ಲಿನ ಆಸರೆ. ಕೆಸರೆಯಿಂದ ಬಂದ ಬಡಗಿಯ ಮುಂದೆ ಹಾಳೆ ಹರಡಿ ಮೀಸೆ ತಿರುವಿದೆ.

ಆತ ಹಾಳೆ ನೋಡಿದ, ಬಾಗಿಲು ನೋಡಿದ. "ಹೊಸಿಲು ಎಲ್ಲೈತೆ ಸ್ವಾಮಿ?"

ಥೂ ನನ್ನ! ಮೂರು ಬೆರಳೆತ್ತರದ ಹೊಸಿಲನ್ನೇ ಬಿಟ್ಟುಬಿಟ್ಟಿದ್ದೆ. ಹುಟ್ಟಿದಾಗಿನಿಂದ ತುಳಿಯದೆ ಕಾಲೆತ್ತಿ ದಾಟಿದವನಿಗೆ ಅದು ಅಲ್ಲಿದೆಯೆಂಬುದೇ ಮರೆತಿತ್ತು. ಕಾಲೆತ್ತಲಾರದ ಅಕ್ಕ ಅದನ್ನು ದಿನಾ ನೋಡುತ್ತಿದ್ದಳು.

"ಕೊಯ್ದು ಹಾಕಿ ಅದನ್ನ," ಎಂದು ರೇಗಿದೆ.

"ಹೊಸಿಲಿಗೆ ನಾನು ಗರಗಸ ಇಡಾಕಿಲ್ಲ," ಎಂದ ಆತ, ಅಮ್ಮನ ಹತ್ತಿರ ರಂಗೋಲಿ ಪುಡಿ ಕೇಳಿದ.

ಮುಂದೆ ಆತ ಮಾಡಿದ್ದನ್ನು ನೆನೆದರೆ ಇವತ್ತಿಗೂ ಬೆರಗಾಗುತ್ತದೆ. ಅಕ್ಕನ ಕುರ್ಚಿಯ ಎರಡು ಗಾಲಿಗಳ ನಡುವಿನ ಅಂತರವನ್ನು ದಾರದಲ್ಲಿ ಅಳೆದ. ಹಿತ್ತಲ ನೆಲದ ಮೇಲೆ ಇಡೀ ಚೌಕಟ್ಟನ್ನು ಅದರ ನಿಜವಾದ ಅಳತೆಯಲ್ಲೇ ರಂಗೋಲಿಯಲ್ಲಿ ಎಳೆದ. ಗಾಲಿ ಓಡುವ ಎರಡೂ ಕಡೆ ದಪ್ಪ ತೊಲೆ. ಸಂದಿಗೆ ಗಾಲಿ ಸಿಕ್ಕದ ಹಾಗೆ ಹಲಗೆಗಳು ಅಡ್ಡಡ್ಡ. ಮಳೆನೀರು ಗೋಡೆಗೆ ಬರದಂತೆ ಆಚೆಗೊಂದಿಷ್ಟು ಇಳಿಜಾರು. ಜಗಲಿ ಹೊಸಿಲಿನ ನೆತ್ತಿಗೆ ಸಮ, ಒಳಗಡೆಯಿಂದ ಹತ್ತಲು ಓರೆ ಹಲಗೆ. "ತಿರುಗಿಸ್ಕೊಳ್ಳಾಕೆ ಎಷ್ಟು ಜಾಗ ಬೇಕು ಅಕ್ಕಾರೇ?" ಎಂದು ಕೇಳಿದ. ಅಕ್ಕ ಕುರ್ಚಿ ತಿರುಗಿಸಿ ತೋರಿಸಿದಳು. ನಕ್ಷೆ ಬರೆದ ಮೂರು ದಿನದಲ್ಲಿ ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಆಮೇಲೆ ಆತ ಅಮ್ಮನ ಕಡೆ ತಿರುಗಿದ. "ಗಾಲಿ ಹೊಸಿಲ ಮ್ಯಾಲೇ ಹೋಯ್ತದೆ ಅವ್ವಾರೇ. ನೀವು ಹೂಂ ಅಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

ಅಮ್ಮ ಪ್ರತಿ ಬೆಳಿಗ್ಗೆ ಅರಿಸಿನ ಕುಂಕುಮ ಇಟ್ಟು ಕೈಮುಗಿಯುವ ಹೊಸಿಲು ಅದು. ಮರೆತು ಅದರ ಮೇಲೆ ಕೂತರೆ ನಮಗೆ ಬೆನ್ನಿಗೆ ಬೀಳುತ್ತಿತ್ತು.

"ಬೇಡ ಬಿಡಮ್ಮ," ಎಂದಳು ಅಕ್ಕ, ತಲೆ ತಗ್ಗಿಸಿ.

ಅಮ್ಮ ಅಕ್ಕನ ಕಡೆ ತಿರುಗಿದಳು. "ಲಕ್ಷ್ಮಿ ಬರೋ ದಾರೀಲಿ ನನ್ನ ಮಗಳು ಹೋಗಬಾರದಾ? ಏನು ಮಾತು ಅಂತ ಆಡ್ತೀಯೇ! ನೀವು ಶುರು ಮಾಡ್ರಪ್ಪ," ಎಂದು ಒಳಗೆ ಹೋದಳು. ಇವಳು ನಮ್ಮಮ್ಮನೇನಾ ಅನ್ನಿಸಿತು ನನಗೆ.

ಎಂಟು ದಿನಕ್ಕೆ ಜಗಲಿ ಸಿದ್ಧವಾಯಿತು. ಅಕ್ಕ ಎರಡೂ ಗಾಲಿಗಳನ್ನು ಒತ್ತಿ ಹಿಡಿದು ಓರೆ ಹಲಗೆ ಹತ್ತಿದಳು. ಹೊಸಿಲ ಮೇಲೆ ಕುರ್ಚಿ ಒಂದು ಕ್ಷಣ ನಿಂತಿತು. ನಾನು ತಳ್ಳಲು ಓಡಿದೆ. ಅಮ್ಮ ನನ್ನ ತೋಳು ಹಿಡಿದುಕೊಂಡಳು.

ಕುರ್ಚಿ ದಾಟಿತು. ಅಕ್ಕ ಜಗಲಿಯ ತುದಿಯವರೆಗೂ ಹೋಗಿ, ಮೊಗ್ಗು ಬಿಡಿಸುತ್ತಾ ಬಹಳ ಹೊತ್ತು ಕೂತಳು. ಹೊತ್ತು ಇಳಿದಾಗ ಅಭ್ಯಾಸದಂತೆ ಕರೆತರಲು ಎದ್ದೆ.

"ನೀನು ಬರಬೇಡ ಕಣೋ," ಎಂದು ಅಲ್ಲಿಂದಲೇ ಕೂಗಿದಳು, "ನನಗಿನ್ನೂ ಒಳಗೆ ಬರೋ ಮನಸ್ಸಿಲ್ಲ."