ಇಂದೂ ಮೌಶಿಯ ಮೂಕ ಟಿ.ವಿ.

ಇಂದೂ ಮೌಶಿ ಟಿ.ವಿ.ಯ ದನಿಯನ್ನು ಪೂರ್ತಿ ಇಳಿಸಿ ನೋಡುತ್ತಿದ್ದರು. ಕಿವಿ ಚೆನ್ನಾಗಿದ್ದ ಕಾಲದಲ್ಲೇ ಹಾಗೆ. ತೆರೆಯ ಮೇಲೆ ಅತ್ತೆ ಸೊಸೆಯರು ಬಾಯಿ ಬಡಿದುಕೊಂಡು ಜಗಳವಾಡುತ್ತಿದ್ದರೂ ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ. ಆ ಮಾತಿಲ್ಲದ ಬಾಯಿಗಳಿಗೆಲ್ಲ ಮಾತು ಹಾಕುವವರು ಮೌಶಿ. ಕೈಯಲ್ಲಿ ಕಸೂತಿಯ ಬಟ್ಟೆ, ಮೂಗಿನ ತುದಿಯಲ್ಲಿ ಕನ್ನಡಕ; ಒಮ್ಮೆ ಸೂಜಿಯ ಕಡೆ, ಒಮ್ಮೆ ತೆರೆಯ ಕಡೆ ನೋಡುತ್ತ ಹಿಂದಿ ಧಾರಾವಾಹಿಯ ಕೋಟ್ಯಧೀಶರ ಬಾಯಲ್ಲಿ ಅಪ್ಪಟ ಧಾರವಾಡದ ಕನ್ನಡ ಆಡಿಸುತ್ತಿದ್ದರು.

“‘ಏನ್ರಿ, ಬೆಳಿಗ್ಗಿಂದ ಸೂಟು ಹಾಕ್ಕೊಂಡು ಕುಂತೀರಿ, ಮಂಡಿಗೆ ಹೋಗಿ ನಾಕು ಬದನಿಕಾಯಿ ತರಾಕ ಆಗೂದಿಲ್ಲೇನು?’ ‘ಸುಮ್ಮನಿರು, ನನಗ ಆಫೀಸಿನ್ಯಾಗ ಭಾಳ ಟೆನ್ಶನ್ ಅದ.’ ‘ನಿಮಗ ಟೆನ್ಶನ್, ನನಗ ಮೈಮ್ಯಾಲೆ ಎರಡು ಸೇರು ಬಂಗಾರ. ಒಂದು ದಿನ ಹೊತ್ತು ನೋಡ್ರಿ.’”

ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮನೆಯಲ್ಲಿ ಕಲರ್ ಟಿ.ವಿ. ಇದ್ದವರ ಮಕ್ಕಳೂ ಮೌಶಿಯ ಕಪ್ಪು-ಬಿಳಿ ಪೆಟ್ಟಿಗೆಯ ಮುಂದೆ ಬಂದು ಕೂರುತ್ತಿದ್ದರು. ದನಿ ಯಾಕಿಲ್ಲ ಎಂದು ಕೇಳಿದವರಿಗೆ ಮೌಶಿ “ಸ್ಪೀಕರ್ ಹೋಗೇದವ್ವಾ” ಎನ್ನುತ್ತಿದ್ದರು. ಸ್ಪೀಕರ್ ಸರಿಯಾಗಿಯೇ ಇತ್ತು. ಆ ಮಕ್ಕಳಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ, ಮತ್ತು ನನಗೆ ನಗು ಎಲ್ಲರಿಗಿಂತ ಸ್ವಲ್ಪ ತಡವಾಗಿ ಬರುತ್ತಿತ್ತು.

ಪುಣೆಯ ನಾರಾಯಣ ಪೇಠೆಯ, ಹಲವು ಸಂಸಾರಗಳಿದ್ದ ಹಳೆಯ ವಾಡೆಯೊಂದರಲ್ಲಿ, ಮೇಲಂತಸ್ತಿನ ಉದ್ದನೆಯ ಗ್ಯಾಲರಿಗೆ ತೆರೆದುಕೊಂಡಿದ್ದ ಕೋಣೆಗಳಲ್ಲಿ ನಮ್ಮದೂ ಅವರದೂ ಮಗ್ಗುಲು ಮಗ್ಗುಲಾಗಿದ್ದವು. ನನ್ನ ಅವ್ವನ ಊರಿನವರು ಎಂಬುದಷ್ಟೇ ಸಂಬಂಧ. ಪರವೂರಿನಲ್ಲಿ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುವುದಕ್ಕೆ ಅಷ್ಟು ಸಾಕಾಗಿತ್ತು. ಗಂಡ ಭೀಮರಾವ್ ಕಾಕಾ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಮಾತು ಕಡಿಮೆ, ಸಿಟ್ಟು ಜಾಸ್ತಿ.

ಮದುವೆಯಾಗಿ ಬಂದು ಇಪ್ಪತ್ತು ವರ್ಷ ದಾಟಿದರೂ ಮೌಶಿಗೆ ಮರಾಠಿ ಪಳಗಿರಲಿಲ್ಲ. ಹೊಸದರಲ್ಲಿ ಒಮ್ಮೆ ನಿಂಬೆಹಣ್ಣಿನವನು ಕೆಳಗೆ ನಿಂತು ಎಷ್ಟು ಬೇಕೆಂದು ಕೇಳಿದನಂತೆ. ಮೌಶಿ ಗ್ಯಾಲರಿಯಿಂದ ಬಗ್ಗಿ “ನಾಕು, ನಾಕು” ಎಂದರಂತೆ. ನಮ್ಮ ನಾಲ್ಕು ಅವನ ಕಿವಿಗೆ ಮರಾಠಿಯ ‘ನಕೋ’, ಬೇಡ, ಎಂದು ಕೇಳಿಸಿ ಅವನು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟ. ಇವರು ಇನ್ನೂ ಜೋರಾಗಿ “ನಾಕು! ನಾಕು!” ಎಂದು ಕೂಗಿದಷ್ಟೂ ಅವನು ಬೇಗ ಬೇಗ ನಡೆದ. “ನಾ ಕರದಷ್ಟೂ ಮುಂದ ಹ್ವಾದ ನೋಡವ್ವಾ, ಎಂಥಾ ಊರಿದು!” ಎಂದು ಮೌಶಿ ಅದನ್ನು ನೂರು ಸಲ ಹೇಳಿ ನೂರು ಸಲವೂ ನಗುತ್ತಿದ್ದರು. ಮುಂದೆ ಬಂದ ಒಂದು ರವಿವಾರದ ನಂತರ ಅವರು ಈ ಕಥೆಯನ್ನು ಮತ್ತೆ ಹೇಳಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಶೈಲಕ್ಕ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ನನಗೆ ಎರಡು ಜಡೆ ಹಾಕಿ ಸ್ಕೂಲಿಗೆ ಕಳಿಸುತ್ತಿದ್ದವಳು ಅವಳೇ. ಅವಳು ಕೂಸಾಗಿದ್ದಾಗ ಮೌಶಿ “ನನ್ನ ತಾಯಿ, ಉಣ್ಣವ್ವಾ, ನನ್ನ ತಾಯಿ, ಮಲಗವ್ವಾ” ಎಂದು ರಮಿಸುತ್ತಿದ್ದರಂತೆ. ಕೂಸು ಅದನ್ನೇ ಹಿಡಿದುಕೊಂಡು ಅವ್ವನನ್ನು ತಿರುಗಿ ‘ತಾಯಿ’ ಎಂದು ಕರೆಯಲು ಕಲಿಯಿತು. ಹಾಗಾಗಿ ಅವರಿಬ್ಬರೂ ಒಬ್ಬರಿಗೊಬ್ಬರು ತಾಯಿ. ಮನೆಯಲ್ಲಿ ಯಾರು ಯಾರ ತಾಯಿ ಎಂದು ಕಾಕಾ ಕೂಡ ಒಮ್ಮೊಮ್ಮೆ ಚೇಷ್ಟೆ ಮಾಡುತ್ತಿದ್ದರು.

ಆ ಶೈಲಕ್ಕ ರಾಂಜಣಗಾಂವದ ಕಡೆಯ, ಹಿಂದೆಮುಂದೆ ಯಾರೂ ಇಲ್ಲದ, ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೋದಳು. ಕಾಕಾ ಒಂದೇ ಮಾತು ಹೇಳಿದರು. “ಆ ಹೆಸರು ಇನ್ನ ಈ ಮನ್ಯಾಗ ಬ್ಯಾಡ.” ಮೌಶಿ ಎದುರಾಡಲಿಲ್ಲ. ಟಿ.ವಿ.ಯ ದನಿ ಮಾತ್ರ ಜೋರಾಯಿತು. ಆಗ ಮೌಶಿಯ ಟಿ.ವಿ. ಕೂಗುತ್ತಿತ್ತು, ಕೆಳಗಿನ ಅಂಗಳದವರೆಗೆ ಕೇಳುತ್ತಿತ್ತು.

ರವಿವಾರ ಬೆಳಿಗ್ಗೆ ಪೌರಾಣಿಕ ಧಾರಾವಾಹಿಯ ಹೊತ್ತು. ವಾಡೆಯ ಅರ್ಧ ಜನ ಸ್ನಾನ ಮುಗಿಸಿ ಟಿ.ವಿ. ಮುಂದೆ. ಅದೇ ಹೊತ್ತಿಗೆ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಮೆಟ್ಟಿಲು ಹತ್ತಿ ಬಾಗಿಲು ಬಾಗಿಲಿಗೂ “ತಾಈ” ಎಂದು ಕೂಗುತ್ತ ಬರುತ್ತಿದ್ದಳು. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಅವಳ ಪಾತ್ರೆಗಳನ್ನು ಕಂಡರೆ ಮೌಶಿ ಸೋತುಹೋಗುತ್ತಿದ್ದರು. ಒಮ್ಮೆ ಕಾಕಾರ ಸಫಾರಿ ಸೂಟನ್ನೇ ಕೊಟ್ಟು ಒಂದು ಪಾತೇಲಿ ಇಟ್ಟುಕೊಂಡಿದ್ದರು. ಅಂದಿನಿಂದ ಅವಳನ್ನು ಬಾಗಿಲಿನಿಂದಲೇ ಸಾಗಹಾಕುವ ಕೆಲಸ ನನ್ನದು. ನಾನು ಪುಣೆಯಲ್ಲೇ ಹುಟ್ಟಿದವಳು, ನನ್ನ ಮರಾಠಿ ಚೊಕ್ಕ. “ನಿನ್ನ ನಕೋ ಭಾಳ ಖಡಕ್ ಅದ ಮಾಲೂ. ನಾ ಅಂದ್ರ ಅವರು ಒಳಗ ಬಂದು ಕುಂದರ್ತಾರ” ಎಂದು ಮೌಶಿ ಹೊಗಳುತ್ತಿದ್ದರು. ಆ ಹೊಗಳಿಕೆಗೆ ನಾನು ಉಬ್ಬುತ್ತಿದ್ದೆ.

ಆ ರವಿವಾರ ನಾನು ಎಂದಿನಂತೆ ಟಿ.ವಿ.ಗೆ ಮೂಗು ತಾಗಿಸಿ ಕೂತಿದ್ದೆ. ಬೆನ್ನ ಹಿಂದೆ ಬಾಗಿಲು, ಬಾಗಿಲಿಗೆ ಇಳಿಬಿಟ್ಟ ಪಡದೆ. ತೆರೆಯ ಮೇಲೆ ಬಾಣಕ್ಕೆ ಬಾಣ ಎದುರಾಗಿ ಇನ್ನೇನು ತಾಗಬೇಕು, ಅಷ್ಟರಲ್ಲಿ ಪಡದೆಯ ಆಚೆಯಿಂದ ಯಾರೋ ಕರೆದರು. ಪಾತ್ರೆಯವಳು ತಾಈ ಎನ್ನುವುದು ಹಾಡಿನ ಹಾಗೆ, ಕೊನೆಯನ್ನು ಎಳೆದು. ಈ ಕೂಗು ಮೊಟಕಾಗಿತ್ತು, ಮೆಲ್ಲಗಿತ್ತು, ಕೊನೆಯಲ್ಲಿ ಒಂದು ‘ಯಿ’ ಇತ್ತು. ಅದು ನನಗೆ ಕೇಳಿಸಿತು. ಅದು ಕನ್ನಡ ಎಂದು ನನ್ನ ಕಿವಿಗೆ ಗೊತ್ತಾಯಿತು. ಆದರೆ ತಿರುಗಿದರೆ ಬಾಣ ತಪ್ಪಿಹೋಗುತ್ತಿತ್ತು.

ಅಡಿಗೆ ಕಟ್ಟೆಯ ಕಡೆಯಿಂದ ಮೌಶಿ “ಬ್ಯಾಡ ಅನ್ನು ಅಕಿಗೆ” ಎಂದರು. ನಾನು ಕುತ್ತಿಗೆ ಹೊರಳಿಸದೆ “ನಕೋ! ಪುಢೆ ಜಾ!” ಎಂದು ಕೂಗಿದೆ. ಬೇಡ, ಮುಂದೆ ಹೋಗು. ನನ್ನ ಖಡಕ್ ನಕೋ.

ಧಾರಾವಾಹಿ ಮುಗಿದ ಮೇಲೆ ಕೆಳಗಿನ ಮನೆಯ ಶಾಲಿನೀ ಕಾಕೂ ಮೇಲೆ ಬಂದರು. ಅವರು ಮರಾಠಿಯಲ್ಲಿ ಕೇಳಿದ್ದು ಇಷ್ಟೇ: ಶೈಲಾ ಬಂದಿದ್ದಳಲ್ಲ, ಕಂಕುಳಲ್ಲಿ ಕೂಸಿತ್ತು, ಹತ್ತಿದ ಹಾಗೆಯೇ ಯಾಕೆ ಇಳಿದುಹೋದಳು?

ಮೌಶಿ ಬರಿಗಾಲಲ್ಲಿ ಓಡಿದರು. ನಾನೂ ಹಿಂದೆ ಓಡಿದೆ. ಬಸ್ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಖಾಲಿ ರಸ್ತೆಯ ಕಡೆ ನೋಡುತ್ತ ಮೌಶಿ “ನಾ ಬ್ಯಾಡ ಅಂದಿಲ್ಲವ್ವಾ, ನಿನಗ ಬ್ಯಾಡ ಅಂದಿಲ್ಲ” ಎಂದು ಹೇಳಿಕೊಳ್ಳುತ್ತಲೇ ಇದ್ದರು. ಕಬ್ಬಿನ ಹಾಲಿನ ಅಂಗಡಿಯವನು ಹೊರಗೆ ಬಂದು ನೋಡಿದ.

ಮಾರನೆಯ ವಾರ ನಮ್ಮಪ್ಪ ಪಿಂಪ್ರಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಗಂಡನಿಗೆ ಗುಜರಾತಿನ ಕಡೆ ಕೆಲಸ ಸಿಕ್ಕಿ ಸೋಮವಾರವೇ ಕೋಣೆ ಖಾಲಿ ಮಾಡಿದ್ದರಂತೆ. ಹೊರಡುವ ಮುಂಚೆ ಒಮ್ಮೆ ಮುಖ ತೋರಿಸಿ ಹೋಗಲು ಬಂದಿದ್ದಳು. ವಿಳಾಸ ಯಾರಿಗೂ ಗೊತ್ತಿರಲಿಲ್ಲ. ನಕೋ ಎಂದವರು ಯಾರು ಎಂದು ಕಾಕಾ ಒಮ್ಮೆ ಕೇಳಿದರು. ಮೌಶಿ ನನ್ನ ರಟ್ಟೆ ಹಿಡಿದು ತಮ್ಮ ಹಿಂದಕ್ಕೆ ಎಳೆದುಕೊಂಡು, “ನಾ ಅಂದೆ” ಎಂದರು. ಆ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಬೆರಳುಗಳ ಗುರುತು ಸಂಜೆಯವರೆಗೂ ಇತ್ತು.

ಆ ರವಿವಾರ ಇಳಿಸಿದ ಟಿ.ವಿ.ಯ ದನಿಯನ್ನು ಮೌಶಿ ಮತ್ತೆ ಏರಿಸಲಿಲ್ಲ. ಟಿ.ವಿ. ಮಾತ್ರ ಬಿಡಲಿಲ್ಲ; ಕಣ್ಣು ಅಲ್ಲಿ, ಕಿವಿ ಬಾಗಿಲಲ್ಲಿ. ಕಾಕಾ ಸಂಜೆಯ ವಾರ್ತೆ ಕೇಳಲು ನಮ್ಮ ಮನೆಗೆ ಬರುತ್ತಿದ್ದರು. ದನಿ ಏರಿಸು ಎಂದು ಆ ಸಿಟ್ಟಿನ ಮನುಷ್ಯ ಹೆಂಡತಿಗೆ ಹೇಳಿದ್ದನ್ನು ನಾನು ಕೇಳಲಿಲ್ಲ. ಹಾಗೆಯೇ ಕೆಲವು ವರ್ಷ ವಾರ್ತೆ ಕೇಳಿ ಒಂದು ಚಳಿಗಾಲದಲ್ಲಿ ತೀರಿಕೊಂಡರು.

ಮೌಶಿ ಮೂಲೆ ಹಿಡಿದು ಕೂರುವ ಪೈಕಿಯಲ್ಲ. ಮಧ್ಯಾಹ್ನ ಅವರ ಕೋಣೆಯಲ್ಲಿ ಕಸೂತಿ ಕಲಿಯುವ ಹೆಂಗಸರ ಜಾತ್ರೆ. “ಗಂಟು ಹಾಕಬಾರದು. ಹ್ವಾದ ದಾರೀಲೇ ದಾರಾ ತಿರುಗಿ ಬರಬೇಕು. ಹಿಂದ ನೋಡಿದ್ರೂ ಅದೇ, ಮುಂದ ನೋಡಿದ್ರೂ ಅದೇ ಕಾಣಬೇಕು” ಎಂದು ತಲೆಗೊಂದು ಮೊಟಕುತ್ತಿದ್ದರು. ಅಷ್ಟು ಗದ್ದಲದ ನಡುವೆಯೂ ಗ್ಯಾಲರಿಯಲ್ಲಿ ಯಾರಾದರೂ ತಾಈ ಎಂದರೆ ಸಾಕು, ಸೂಜಿ ನಿಲ್ಲುತ್ತಿತ್ತು. ಎದ್ದು ಹೋಗಿ ಪಡದೆ ಸರಿಸಿ ನೋಡುತ್ತಿದ್ದರು. ಬಂದವಳಿಂದ ಏನಾದರೂ ಕೊಳ್ಳುತ್ತಿದ್ದರು. ಮನೆ ತುಂಬ ಪಾತೇಲಿಗಳಾದವು.

ನಾವು ಊರ ಹೊರವಲಯದ ವಾಕಡಕ್ಕೆ ಮನೆ ಬದಲಿಸಿದ ಮೇಲೂ ನಾನು ಅವರಲ್ಲಿಗೆ ಹೋಗುತ್ತಿದ್ದೆ. ಅವರ ಕಿವಿ ಹೋದದ್ದು ತಿಳಿದದ್ದು ಅಂಥದೊಂದು ಮಧ್ಯಾಹ್ನ. ಅಷ್ಟು ಹೊತ್ತಿಗೆ ರಿಮೋಟಿನ ಹೊಸ ಟಿ.ವಿ. ಬಂದಿತ್ತು. ಯಾರದೋ ಮಗು ರಿಮೋಟ್ ಒತ್ತಿ ಆಡುತ್ತಿತ್ತು, ಒಮ್ಮೆಗೇ ದನಿ ಸಿಡಿಯಿತು. ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡರು. ಮೌಶಿ ಸೂಜಿ ಪೋಣಿಸುತ್ತ, ಆ ಕಿರುಚಾಟದ ಕೆಳಗೆ, ನಾಯಕಿಗೆ ಮೆಲ್ಲಗೆ ಮಾತು ಹಾಕುತ್ತಲೇ ಇದ್ದರು. ಯಾರೂ ನಗುತ್ತಿಲ್ಲವೆಂದು ತಲೆ ಎತ್ತಿದಾಗ ನಮ್ಮ ಕೈಗಳು ಕಿವಿಯ ಮೇಲಿದ್ದವು. ಅವರಿಗೆ ಅರ್ಥವಾಯಿತು. ಬಸ್ ಸ್ಟಾಪಿನ ಆ ದಿನ ಬಿಟ್ಟರೆ ಅವರು ಅಷ್ಟು ಹೆದರಿದ್ದನ್ನು ನಾನು ಕಂಡದ್ದು ಅಂದೇ.

ಮರುದಿನವೇ ಟಿ.ವಿ.ಯನ್ನು ಬಾಗಿಲ ಪಕ್ಕಕ್ಕೆ ಇರಿಸಿಕೊಂಡರು. ಕೇಳುವುದು ಹೋದರೇನು, ಪಡದೆಯ ಕೆಳಗಿನ ಗೇಣುದ್ದ ಸಂದಿಯಲ್ಲಿ ಪಾದ ಕಾಣುತ್ತದಲ್ಲ.

ಆಮೇಲೆ ನನಗೆ ಮಗಳು ಹುಟ್ಟಿದಳು. ಒಂದು ದಿನ ಉಣಿಸುತ್ತಿದ್ದಾಗ ನನ್ನ ಬಾಯಿಂದ “ಉಣ್ಣು ನನ್ನ ತಾಯಿ” ಎಂದು ಬಂತು. ಆರು ತುತ್ತಿನ ನಂತರ ಕೂಸು ನನ್ನ ಮುಖ ನೋಡಿ “ತಾಯಿ” ಎಂದಿತು. ತಟ್ಟೆ ಕೆಳಗಿಟ್ಟೆ. ನನಗೆ ಕೇಳಿಸಿತ್ತು ಎಂಬುದನ್ನು ಮೌಶಿಗೆ ಹೇಳದೆ ಇನ್ನು ಇರಲಾರೆ ಅನ್ನಿಸಿತು. ಪಾಪದ ಹುಡುಗಿ, ಪಾತ್ರೆಯವಳೆಂದುಕೊಂಡು ಅಂದುಬಿಟ್ಟಳು ಎಂದೇ ಅವರು ಅಷ್ಟು ವರ್ಷ ನನ್ನನ್ನು ಕಾಪಾಡಿಕೊಂಡು ಬಂದಿದ್ದರು.

ಮಾರನೆಯ ದಿನ ಬೆಳಿಗ್ಗೆ ಮಗುವನ್ನು ಅವ್ವನ ಬಳಿ ಬಿಟ್ಟು ಹೋದೆ. ನನ್ನ ಪಾದ ಕಂಡು ಮೌಶಿ ಎದ್ದು ಬಂದರು. ಪಡದೆ ಸರಿಸಿದಾಗ ಅವರ ಮುಖದಲ್ಲಿದ್ದದ್ದು ನನಗಾಗಿ ಅಲ್ಲ. ಅದು ಇಳಿದು ನನ್ನ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. “ಮಾಲೂ! ಬಾರವ್ವಾ. ಭಾಳ ಸೊರಗೀದಿ” ಎಂದು ಕೂಡಿಸಿದರು.

ನಾನು ಅವರ ಎದುರಿಗೆ ಕೂತು ಹೇಳಿದೆ. “ಮೌಶಿ, ಅವತ್ತ ನನಗ ಕೇಳಿಸಿತ್ರಿ. ಅದು ಪಾತ್ರೆದಾಕಿ ದನಿ ಅಲ್ಲಂತ ಗೊತ್ತಾಗಿತ್ತು. ಗೊತ್ತಾಗಿನೂ ತಿರುಗಿ ನೋಡಲಿಲ್ಲ.” ಅವರಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ. ಗಟ್ಟಿಯಾಗಿ ಹೇಳಿದೆ, ಅಳುತ್ತ ಮತ್ತೆ ಹೇಳಿದೆ. ಮೌಶಿ ಕನ್ನಡಕ ಸರಿಮಾಡಿಕೊಂಡು ನನ್ನ ತುಟಿಗಳನ್ನೇ ನೋಡಿದರು. ಕೈಗೆ ಕಸೂತಿಯ ಬಟ್ಟೆ ಎತ್ತಿಕೊಂಡರು. ಆಮೇಲೆ ಟಿ.ವಿ.ಯವರಿಗೆ ಹಾಕುತ್ತಿದ್ದ ಹಾಗೆ ನನ್ನ ಬಾಯಿಗೆ ಮಾತು ಹಾಕತೊಡಗಿದರು. ದನಿ ಮಾತ್ರ ನಾನು ಅವರಿಂದ ಎಂದೂ ಕೇಳದೇ ಇದ್ದದ್ದು, ಮೊಟಕು, ಮೆಲ್ಲಗೆ.

“‘ತಾಯಿ, ನಾ ಬಂದೀನಿ. ಪಡದೀ ಹಿಂದ ನಿಂತೀನಿ. ಕೂಸು ಮಲಗೇದ. ಮತ್ತ ಆ ಮಾಲೂಗ ಏನೂ ಅನಬ್ಯಾಡ ತಾಯಿ. ಸಣ್ಣ ಹುಡುಗಿ ಅಕಿ. ಟಿ.ವಿ. ನೋಡ್ಲಿಕತ್ತಾಳ.’”

ನನ್ನ ತುಟಿಗಳು ನಿಂತುಹೋದವು. ಮೌಶಿ ಸೂಜಿ ಹಿಡಿದು ಕಾದರು. “ಯಾಕ ನಿಂತಿ? ಮಾತಾಡವ್ವಾ. ಅಕಿದು ಇನ್ನೂ ಭಾಳ ಹೇಳೂದದ.”

ನಾನು ಬಾಯಿ ಆಡಿಸಿದೆ. ಹೇಳಲು ಏನೂ ಉಳಿದಿರಲಿಲ್ಲ, ಎರಡರ ಮಗ್ಗಿ ಹೇಳಿದೆ. ಮೂರರದ್ದು ಹೇಳಿದೆ. ಅದರ ಮೇಲೆ ಶೈಲಕ್ಕ ಮಾತಾಡುತ್ತ ಹೋದಳು. ಗುಜರಾತಿನ ನೀರು ಉಪ್ಪು, ಬೇಳೆ ಬೇಯುವುದಿಲ್ಲ. ಗಂಡನ ತಲೆ ಬೋಳಾಗಿದೆ. ಮಗ ಸ್ಕೂಲಿನಲ್ಲಿ ಜಾಣ, ಅಜ್ಜಿಯ ಮೂಗು. ಮಧ್ಯಾಹ್ನದ ಹೆಂಗಸರು ಬರುವವರೆಗೆ ನಾನು ಮಗ್ಗಿ ಹೇಳಿದೆ.

ಮೌಶಿ ಆ ಶ್ರಾವಣದಲ್ಲಿ ಹೋದರು. ಶೈಲಕ್ಕನಿಗೆ ತಿಳಿಸಲು ನಮಗೆ ದಾರಿ ಇರಲಿಲ್ಲ. ಅಂದು ಮೌಶಿಗೆ ನನ್ನ ಮಾತು ತಿಳಿದಿತ್ತೇ, ಅಥವಾ ಮೊದಲಿನಿಂದಲೂ ಗೊತ್ತಿತ್ತೇ, ನನಗೆ ಇಂದಿಗೂ ಗೊತ್ತಿಲ್ಲ. ಕೋಣೆ ಖಾಲಿ ಮಾಡುವಾಗ ಟಿ.ವಿ. ತೆಗೆದುಕೊಂಡು ಹೋದವರು ಅದರ ಸ್ಪೀಕರ್ ಹೊಚ್ಚ ಹೊಸದರ ಹಾಗಿದೆ ಎಂದರಂತೆ.

ಕಳೆದ ರವಿವಾರ ಬೆಳಿಗ್ಗೆ ಬಾಗಿಲಲ್ಲಿ ಯಾರೋ “ತಾಈ” ಎಂದರು. ನಾನು ಟಿ.ವಿ. ಆರಿಸಿ ಎದ್ದು ಹೋದೆ. ಕೊತ್ತಂಬರಿ ಮಾರುವ ಹೆಂಗಸು, ಕಂಕುಳಲ್ಲಿ ಕೂಸು. “ಕಿತೀ?” ಎಂದು ಕೇಳಿದಳು, ಎಷ್ಟು ಕಟ್ಟು ಬೇಕು. ಹುಟ್ಟಿದಾಗಿನಿಂದ ಮರಾಠಿ ಆಡುವ ನನ್ನ ಬಾಯಿಗೆ ಅದೇನು ಬಂತೋ, “ನಾಕು” ಎಂದು ಪರ್ಸ್ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಬಾಗಿಲು ಖಾಲಿ. ಚಪ್ಪಲಿ ಇಲ್ಲದೆ ನಾಲ್ಕು ಮಹಡಿ ಇಳಿದು ಓಡಿದೆ. ಗೇಟಿನ ಹತ್ತಿರ ಅವಳ ಸೆರಗು ಹಿಡಿದು ನಿಲ್ಲಿಸಿ ಏದುಸಿರಿನಲ್ಲಿ ಹೇಳಿದೆ, ಅವಳಿಗೆ ತಿಳಿಯದ ಭಾಷೆಯಲ್ಲಿ: “ನಾ ಬ್ಯಾಡ ಅಂದಿಲ್ಲವ್ವಾ. ನಿನಗ ಬ್ಯಾಡ ಅಂದಿಲ್ಲ.”